ಎಂಟು ಸಾವಿರದ ಸ್ಪೀಕರ್, ಅಪ್ಪನ ಕಿವಿ

ಮೊನ್ನೆ ಕೊಪ್ಪಳದಿಂದ ಸೋದರಳಿಯ ಫೋನ್ ಮಾಡಿದ್ದ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. "ಮಾಮಾ, ಎಂಟು ಸಾವಿರಕ್ಕ ಬರೋ ಬುಕ್‌ಶೆಲ್ಫ್ ಸ್ಪೀಕರ್ ಖರೇನ ಛಲೋ ಇರ್ತಾವೇನು? ಇಲ್ಲಾಂದ್ರ ಇನ್ನೊಂದು ವರ್ಷ ರೊಕ್ಕ ಕೂಡಿಸಿ ದೊಡ್ಡದ ತಗೊಳ್ಳೇನು?" ಅಂದ. "ತಗೋಪಾ, ಛಲೋ ಇರ್ತಾವು" ಅಂತ ಹೇಳಿ ಫೋನ್ ಇಟ್ಟೆ. ಆದರೆ ಅಷ್ಟೇ ಹೇಳಿ ಬಿಡುವ ವಿಷಯ ಇದಲ್ಲ ಅನ್ನಿಸಿತು. ಅವನಿಗೆ ಹೇಳಬೇಕಾಗಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಳ್ಳಾರಿಯಲ್ಲಿ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಹಾಲ್. ಮೇಲೆ ಆರ್‌ಸಿಸಿ, ಕೆಳಗೆ ಕಡಪಾ ಕಲ್ಲು, ಸುತ್ತ ಸಿಮೆಂಟಿನ ಗೋಡೆ. ಅದರೊಳಗೆ ಆರು ವರ್ಷದಿಂದ ಒಂದು 5.1 ಹೋಂ ಥಿಯೇಟರ್ ಇತ್ತು. ಐದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಮೂಲೆಯಲ್ಲಿ ಬರೀ ಧಂ ಧಂ ಬೇಸ್ ದನಿಗೆಂದೇ ಒಂದು ಸಬ್‌ವೂಫರ್. ರಟ್ಟಿನ ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಪ್ಪ ಊರಲ್ಲಿದ್ದಾಗ ಮೂವತ್ತು ವರ್ಷ ಬಯಲು ನಾಟಕಗಳಿಗೆ ಪೆಟಗಿ (ಹಾರ್ಮೋನಿಯಂ) ನುಡಿಸಿದವರು. ಈಗ ಎಪ್ಪತ್ತನಾಲ್ಕು. ಸಂಜೆ ಆಯಿತೆಂದರೆ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಚ್ಚು ಅನ್ನುವರು. ಹಚ್ಚಿದರೆ ಸಾಲು ಸಾಲಿಗೂ ನನ್ನ ಕಡೆ ತಿರುಗಿ "ಏನಂದ್ರಪ್ಪಾ ಈಗ?" ಅಂತ ಕೇಳುವರು. ನಾನು ಸದ್ದು ಏರಿಸುತ್ತಿದ್ದೆ. ಏರಿಸಿದಷ್ಟೂ ಅವರಿಗೆ ಇನ್ನೂ ಗೊಂದಲ. ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿಗೆ ತಕ್ಕಂತೆ ತೀಕ್ಷ್ಣ ಸ್ವರಗಳು ಕಡಿಮೆ ಕೇಳುತ್ತಿವೆ, ಮಿಕ್ಕಿದ್ದೆಲ್ಲ ಸರಿಯಾಗಿದೆ ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಾಲು, ಸಾಲು, ಪಾಲು, ಹಾಲು. ಈ ನಾಲ್ಕು ಶಬ್ದ ಬಾಯಿಬಿಟ್ಟು ಹೇಳಿ ನೋಡಿ. 'ಆಲು' ಅನ್ನುವುದು ನಾಲ್ಕರಲ್ಲೂ ಒಂದೇ, ಅದರಲ್ಲೇ ದನಿಯ ಬಲವೆಲ್ಲ ಇದೆ. ಯಾವ ಶಬ್ದ ಅಂತ ತಿಳಿಸುವುದು ಮೊದಲಿನ ಒಂದು ಚಿಕ್ಕ ವ್ಯಂಜನ. ಆ ವ್ಯಂಜನದ ಗುರುತು ಬಹುಪಾಲು ಇರುವುದು ಎರಡು ಸಾವಿರ ಹರ್ಟ್ಜ್‌ನಿಂದ (ಸೆಕೆಂಡಿಗೆ ಎರಡು ಸಾವಿರ ಕಂಪನ) ಮೇಲೆ, ಅದೂ ಬಲು ಮೆತ್ತಗೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಆ ಮೇಲಿನ ಭಾಗವನ್ನೇ. ಇದರ ಮೇಲೆ ಇನ್ನೊಂದಿದೆ: ಕೆಳಗಿನ ಸ್ವರ ಜೋರಾಗಿದ್ದರೆ ಅದು ಮೇಲಿನ ಮೆತ್ತಗಿನ ಸ್ವರವನ್ನು ಮುಚ್ಚಿಹಾಕುತ್ತದೆ. ಕಿವಿಯ ಸ್ವಭಾವವೇ ಅದು, ಹುಡುಗರ ಕಿವಿಗೂ ಹಾಗೇ. ಮೂಲೆಯಲ್ಲಿ ಕೂತ ಸಬ್‌ವೂಫರ್ ಗುಂಯ್ ಅನ್ನುತ್ತಿದ್ದರೆ ವಚನದ ವ್ಯಂಜನಗಳು ಅದರಡಿ ಸಿಕ್ಕು ಸಾಯುತ್ತಿದ್ದವು. ನಾನು ಸದ್ದು ಏರಿಸಿದಾಗ ಏರುತ್ತಿದ್ದದ್ದು ಆ ಗುಂಯ್ ಅನ್ನುವುದೇ.

ಹೀಗೆ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ಮನೆಗೆ ಬಂತು. ಎಂಟು ಸಾವಿರದ ಚಿಲ್ಲರೆ. ಕೆಳಗಿನ ದನಿಗೆ ನಾಲ್ಕು ಇಂಚಿನ ವೂಫರ್, ತೀಕ್ಷ್ಣ ದನಿಗೆ ಮೇಲೊಂದು ಪುಟ್ಟ ಟ್ವೀಟರ್, ಆಂಪ್ಲಿಫೈಯರ್ ಒಳಗೇ ಇದೆ. ಮೊದಲ ದಿನ ಮಗಳು "ಪಪ್ಪಾ, ಧಂ ಧಂ ಅನ್ನೂದ ಇಲ್ಲಲ್ಲ" ಅಂದಳು. ಹೌದು, ಇರಲಿಲ್ಲ. ನನಗೂ ಒಂದು ಕ್ಷಣ ದುಡ್ಡು ಹೋಯಿತೇನೋ ಅನ್ನಿಸಿತು. ಅಪ್ಪ ಮಾತ್ರ ಅರ್ಧ ಗಂಟೆ ಏನೂ ಕೇಳದೆ ಕೂತಿದ್ದರು. ಆಮೇಲೆ "ಇದರಾಗ ಮಾತು ತಿಳೀತೈತಿ ನೋಡು" ಅಂದರು.

ಅಗ್ಗದ ಸ್ಪೀಕರನ್ನು ಅಳೆಯುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದೊಂದೇ: ಮಾತು ತಿಳಿಯುತ್ತದೆಯೋ ಇಲ್ಲವೋ. ಅಂಗಡಿಗೆ ಹೋದರೆ ಅವರು ಹಚ್ಚುವುದು ಧಂ ಧಂ ಹಾಡನ್ನೇ. ಅಲ್ಲಿ ಐದು ನಿಮಿಷ ಕೇಳಿದರೆ ಕೆಳಗೆ ಗುಂಯ್, ಮೇಲೆ ಚಿಸ್ ಅನ್ನುವ ಪೆಟ್ಟಿಗೆಯೇ ಗೆಲ್ಲುತ್ತದೆ. ಮನೆಗೆ ತಂದು ಒಂದು ತಾಸು ಕೇಳಿದ ಮೇಲೆ ತಲೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಹೇಳುವುದು, ನಿಮಗೆ ಬಾಯಿಪಾಠ ಇರುವ ಒಂದು ದನಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ನಾನು ಒಯ್ಯುವುದು ಎರಡು: ಒಂದು ಜಂಬಲದಿನ್ನಿಯವರದು, ಇನ್ನೊಂದು ನಮ್ಮ ಸುಭದ್ರಮ್ಮ ಮನ್ಸೂರರ ರಂಗಗೀತೆ. ರಂಗದ ಮೇಲೆ ಬೆಳೆದ ಕಂಠ ಅದು, ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕು ಅಂತ ಪಳಗಿದ್ದು. ಕೆಟ್ಟ ಟ್ವೀಟರಿನಲ್ಲಿ ಆ ಕಂಠ ಮೇಲೆ ಏರಿದಾಗ ತಗಡು ಕೆರೆದ ಹಾಗೆ ಆಗುತ್ತದೆ. ಸರಿಯಾದದ್ದರಲ್ಲಿ ಎಷ್ಟೇ ಏರಿದರೂ ಹೆಣ್ಣುಮಗಳೊಬ್ಬಳು ಎದುರು ನಿಂತು ಹಾಡಿದಂತೆಯೇ ಇರುತ್ತದೆ. ಎರಡು ನಿಮಿಷ ಸಾಕು, ಗೊತ್ತಾಗುತ್ತದೆ.

ವ್ಯಾಟ್ ವಿಷಯಕ್ಕೆ ಬರೋಣ. ಪಿಎಂಪಿಒ ಅಂತ ಬರೆದಿದ್ದರೆ ಆ ಅಂಕಿಯ ಕಡೆ ಕಣ್ಣೆತ್ತಿಯೂ ನೋಡಬೇಡಿ. ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುವ ಒಂದು ಏಟಿನ ಲೆಕ್ಕವನ್ನು ಬೇಕಾದಂತೆ ಉಬ್ಬಿಸಿ ಬರೆದದ್ದು ಅದು. ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ವ್ಯಾಟ್) ಎಷ್ಟು ಅಂತ ಕೇಳಿ. ಅದಕ್ಕಿಂತ ಮುಖ್ಯ ಸೆನ್ಸಿಟಿವಿಟಿ. 85 ಡೆಸಿಬಲ್ ಅಂತ ಇದ್ದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಅಂತ ಅರ್ಥ. ನಾವು ಕೂತು ಮಾತಾಡುವ ಸದ್ದು ಸುಮಾರು 60. ಅಂದರೆ ನಮ್ಮಂಥ ಹಾಲಿನಲ್ಲಿ ದಿನವೂ ಕೇಳುವುದಕ್ಕೆ ಖರ್ಚಾಗುವುದು ಒಂದೆರಡು ವ್ಯಾಟ್ ಅಷ್ಟೇ! ಇಪ್ಪತ್ತು ಆರ್‌ಎಂಎಸ್ ಇದ್ದರೆ ತಬಲಾದ ಏಟಿಗೂ ಸಾಕಾಗಿ ಉಳಿಯುತ್ತದೆ. 3 ಡೆಸಿಬಲ್ ಹೆಚ್ಚು ಬೇಕೆಂದರೆ ವ್ಯಾಟ್ ಎರಡು ಪಟ್ಟಾಗಬೇಕು. ಹಾಗಾಗಿ 20ರಿಂದ 40 ವ್ಯಾಟಿಗೆ ಹೋದರೆ ಕಿವಿಗೆ ಗೊತ್ತಾಗುವ ವ್ಯತ್ಯಾಸ ಅಲ್ಪ.

ನನ್ನ ಓರಗೆಯವರಿಗೆ ನೆನಪಿರಬಹುದು. ರೇಡಿಯೊ ರಿಪೇರಿ ಅಂಗಡಿಯಲ್ಲಿ 4440 ಐಸಿಯ ಆಂಪ್ಲಿಫೈಯರ್ ಬೋರ್ಡ್ ಹಾಕಿಸಿ, ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂಡಿಸುತ್ತಿದ್ದೆವು. ಬಿಡಿ ಸ್ಪೀಕರ್ ಕೀರಲು ದನಿ ಮಾಡುತ್ತಿದ್ದದ್ದು ಗಡಿಗೆಗೆ ಕೂತ ಕೂಡಲೇ ದಪ್ಪಗಾಗುತ್ತಿತ್ತು. ಬಿಡಿ ಸ್ಪೀಕರಿನಲ್ಲಿ ಕೋನು ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ಎಳೆದ ಗಾಳಿಯೂ ಒಂದನ್ನೊಂದು ಹೊಡೆದುಹಾಕುತ್ತವೆ, ಬೇಸ್ ಅಲ್ಲೇ ಸತ್ತುಹೋಗುತ್ತದೆ. ಹಿಂದಿನದನ್ನು ಗಡಿಗೆಯೊಳಗೆ ಕಟ್ಟಿಹಾಕಿದರೆ ಮುಂದಿನದು ಉಳಿಯುತ್ತದೆ. ಬುಕ್‌ಶೆಲ್ಫ್ ಪೆಟ್ಟಿಗೆಯ ಕೆಲಸವೂ ಅದೇ. ಆದರೆ ಗಡಿಗೆ ತಾನೂ ದನಿಗೂಡಿಸುತ್ತಿತ್ತು, ಪೆಟ್ಟಿಗೆ ಹಾಗೆ ಮಾಡಬಾರದು. ಬೆರಳ ಗೆಣ್ಣಿನಿಂದ ಪಕ್ಕಕ್ಕೆ ತಟ್ಟಿ ನೋಡಿ. ಟಪ್ ಅಂತ ಮಂದವಾಗಿ ಕೇಳಿದರೆ ಒಳ್ಳೆಯದು. ಡೊಂಯ್ ಅಂತ ಎಳೆದರೆ ಪ್ರತಿ ಹಾಡಿಗೂ ಆ ಡೊಂಯ್ ಸೇರಿಕೊಳ್ಳುತ್ತದೆ. ಅಗ್ಗ ಮಾಡುವವರು ಮೊದಲು ಉಳಿಸುವುದು ಪೆಟ್ಟಿಗೆಯ ಮರದಲ್ಲಿ, ಆಮೇಲೆ ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಒಳಗಿನ ಕ್ರಾಸೋವರ್‌ನಲ್ಲಿ. ಟ್ವೀಟರಿಗೆ ಒಂದೇ ಕೆಪಾಸಿಟರ್ ಬೆಸುಗೆ ಹಾಕಿ ಬಿಟ್ಟಿರುತ್ತಾರೆ. ವೂಫರಿನಿಂದ ಟ್ವೀಟರಿಗೆ ದನಿ ದಾಟುವ ಜಾಗ ಸಾಮಾನ್ಯವಾಗಿ ಎರಡು ಮೂರು ಸಾವಿರ ಹರ್ಟ್ಜ್ ಆಸುಪಾಸು, ನಮ್ಮ ಕಾಲು-ಸಾಲು-ಪಾಲು ಇರುವ ಜಾಗವೇ ಅದು.

ಚಿಕ್ಕ ಪೆಟ್ಟಿಗೆ ಅಂದರೆ ತಾತ್ಸಾರ ಮಾಡುವವರಿಗೆ ಒಂದು ಮಾತು. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳುವುದಕ್ಕೆಂದು ಎಲ್‌ಎಸ್‌3/5ಎ ಎಂಬ ಸ್ಪೀಕರ್ ಮಾಡಿದರು. ಎತ್ತರ ಒಂದು ಅಡಿ, ವೂಫರ್ ಐದು ಇಂಚು. ಭಾರೀ ಬೇಸ್ ಅದರಿಂದ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮನುಷ್ಯನ ದನಿ ದನಿಯಂತೆಯೇ ಕೇಳಬೇಕು ಎಂಬುದನ್ನು ಹಿಡಿದು ಕೂತರು. ಇವತ್ತಿಗೂ ಅದರ ಮಾದರಿಗಳು ಲಕ್ಷ ದಾಟಿದ ಬೆಲೆಗೆ ಮಾರಾಟವಾಗುತ್ತವೆ. ನಮ್ಮ ಎಂಟು ಸಾವಿರದ್ದು ಅದರ ಸಮಕ್ಕೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಎರಡಕ್ಕೂ ಒಂದೇ.

ಇನ್ನು ಇಡುವ ಜಾಗ. ಬುಕ್‌ಶೆಲ್ಫ್ ಅಂತ ಹೆಸರಿದೆ ಅಂತ ಶೋಕೇಸಿನ ಗೂಡಿಗೆ ತುರುಕಬೇಡಿ. ಹಿಂದೆ ತೂತು ಇರುವ ಪೆಟ್ಟಿಗೆಗೆ ಉಸಿರಾಡಲು ಜಾಗ ಬೇಕು. ಮೂಲೆಗೆ ಒತ್ತಿದರೆ ಬೇಸ್ ಉಬ್ಬಿ ಮತ್ತೆ ಮಾತು ಮುಚ್ಚುತ್ತದೆ. ನಾನು ಎರಡು ಮರದ ಸ್ಟೂಲಿನ ಮೇಲೆ ಉಳಿದ ಕಡಪಾ ತುಂಡು ಇಟ್ಟು, ಅದರ ಮೇಲೆ ಹಳೇ ಸೈಕಲ್ ಟ್ಯೂಬಿನ ಚೂರು ಹಾಕಿ ಸ್ಪೀಕರ್ ಕೂಡಿಸಿದೆ. ಟ್ವೀಟರ್ ಅಪ್ಪನ ಕಿವಿಯ ಮಟ್ಟಕ್ಕೆ ಬಂತು. ಎರಡು ಸ್ಪೀಕರಿನ ನಡುವೆ ಎಷ್ಟು ದೂರವೋ ಅಪ್ಪನ ಕುರ್ಚಿಗೂ ಅಷ್ಟೇ ದೂರ. ಹಾಡುವವರು ಅಂದಿನಿಂದ ಎರಡು ಪೆಟ್ಟಿಗೆಯ ಮಧ್ಯೆ ಬಂದು ಕೂತರು.

ಆದರೂ ಚಪ್ಪಾಳೆ ತಟ್ಟಿದರೆ ಹಾಲ್ ಝಣಝಣ ಅನ್ನುತ್ತಿತ್ತು. ಕಲ್ಲು ಮತ್ತು ಸಿಮೆಂಟಿನ ಕೋಣೆ, ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ನಮ್ಮ ಬಳ್ಳಾರಿಯಲ್ಲಿ ಇದಕ್ಕೆ ಮದ್ದು ಬೀದಿ ಬೀದಿಯಲ್ಲಿದೆ. ಪಕ್ಕದ ಓಣಿಯ ಜೀನ್ಸ್ ಹೊಲಿಯುವ ಘಟಕದವರು ಕಟಿಂಗ್ ಉಳಿಕೆಯ ಎರಡು ಚೀಲ ಕೊಟ್ಟರು. ಅವ್ವ ಅದನ್ನೇ ಒಳಗೆ ತುಂಬಿ, ಮೇಲೆ ಹಳೇ ಸೀರೆ ಹಾಕಿ ಎರಡು ದಪ್ಪ ಕೌದಿ ಹೊಲಿದರು. ಒಂದನ್ನು ಅಪ್ಪನ ಹಿಂದಿನ ಗೋಡೆಗೆ ಎರಡು ಇಂಚು ಜಾಗ ಬಿಟ್ಟು ತೂಗುಹಾಕಿದೆ, ಇನ್ನೊಂದು ನೆಲಕ್ಕೆ. ಅಷ್ಟಾದ ಮೇಲೆ ಆದ ಬದಲಾವಣೆ ಸ್ಪೀಕರ್ ಬದಲಿಸಿದ್ದಕ್ಕಿಂತ ಕಡಿಮೆಯದೇನೂ ಅಲ್ಲ. ಖರ್ಚು ದಾರದ್ದು ಮಾತ್ರ.

ಆಗದ್ದೂ ಇದೆ. ನಾಲ್ಕು ಇಂಚಿನ ವೂಫರ್ 70–80 ಹರ್ಟ್ಜ್ ಕೆಳಗೆ ಸೋತುಹೋಗುತ್ತದೆ. ಗಂಡಸರ ದನಿ ಸುಮಾರು 85ರ ಮೇಲೆಯೇ ಇರುವುದರಿಂದ ಹಾಡಿಗೆ ತೊಂದರೆಯಿಲ್ಲ, ತಬಲಾದ ಜೊತೆಯ ಡಗ್ಗಾದ ಆಳ ಮಾತ್ರ ಪೂರ್ತಿ ಬರುವುದಿಲ್ಲ. ಸಿನಿಮಾದಲ್ಲಿ ಕಟ್ಟಡ ಉರುಳುವಾಗ ನೆಲ ನಡುಗಬೇಕು ಅನ್ನುವವರಿಗೆ, ಇಪ್ಪತ್ತು ಅಡಿಗಿಂತ ದೊಡ್ಡ ಹಾಲ್ ಇರುವವರಿಗೆ, ಮನೆಯ ಕಾರ್ಯಕ್ರಮಕ್ಕೆ ಹೊರಗೆ ಹಚ್ಚುವವರಿಗೆ ಇದು ಬೇಡವೇ ಬೇಡ. ಇನ್ನೊಂದು, ವೂಫರಿನ ಅಂಚು ಫೋಮಿನದೋ ರಬ್ಬರಿನದೋ ನೋಡಿ. ಫೋಮು ವರ್ಷಗಳು ಕಳೆದಂತೆ ಪುಡಿಪುಡಿಯಾಗುತ್ತದೆ, ನಮ್ಮ ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಮನೆಯೊಳಗೆ ಅದನ್ನು ನಾನಂತೂ ನಂಬುವುದಿಲ್ಲ. ಮುಂದಿನ ಬಟ್ಟೆಯ ಜಾಲರಿಯನ್ನೂ ಕಿತ್ತಿಡಬೇಡಿ, ನಮ್ಮೂರ ಧೂಳು ನಿಮಗೇ ಗೊತ್ತು.

ಅಳಿಯ ಭಾನುವಾರ ಬರುತ್ತಾನಂತೆ. ಅವನ ಕೋಣೆಯ ಅಳತೆ, ಗೋಡೆ ನೆಲ ಏನಿನದು, ಎಲ್ಲಿ ಕೂತು ಕೇಳುತ್ತಾನೆ, ಇಷ್ಟನ್ನು ಬರೆದುಕೊಂಡು ಬಾ ಅಂದಿದ್ದೇನೆ. ಹಾಡು ಅವನವೇ ತರಲಿ. ಅಪ್ಪ ಮಾತ್ರ ತಮ್ಮ ಕುರ್ಚಿ ಬಿಟ್ಟುಕೊಡುವುದಿಲ್ಲವಂತೆ, ಅವನಿಗೆ ಕೌದಿಯ ಮೇಲೇ ಜಾಗ. ಜೀನ್ಸ್ ಚೂರಿನ ಒಂದು ಚೀಲವನ್ನು ಅವನಿಗಾಗಿಯೇ ಕಟ್ಟಿಟ್ಟಿದ್ದೇವೆ.