‘ಹೊಸದು’ ಅನ್ನೋ ಹಳೇ ಹೆಸರು

ಬೆಳಿಗ್ಗೆಯಿಂದ ಒಂದು ಫೈಲ್ ಹುಡುಕಿ ಹುಡುಕಿ ಸಾಕಾಯಿತು. ಫೋಲ್ಡರ್ ತುಂಬ ಇರುವುದೇನು? ‘ವರದಿ ಹೊಸದು’, ‘ವರದಿ ಹೊಸದು 2’, ‘ವರದಿ ಫೈನಲ್’, ‘ವರದಿ ಫೈನಲ್ ಹೊಸದು’, ಕೊನೆಗೆ ‘ಇದೇ ಫೈನಲ್’. ತೆರೆದು ನೋಡಿದರೆ ‘ಇದೇ ಫೈನಲ್’ ಎಲ್ಲಕ್ಕಿಂತ ಹಳೆಯದು! ಬೇರೆ ಯಾರನ್ನೋ ಬೈಯೋಣವೆಂದರೆ ಅರ್ಧಕ್ಕರ್ಧ ನನ್ನದೇ ಕೈವಾಡ.

ಹುಟ್ಟಿದ ದಿನ ಎಲ್ಲವೂ ಹೊಸದೇ ತಾನೇ? ಅದನ್ನೇ ಹೆಸರು ಮಾಡಿಟ್ಟರೆ ನಾಳೆ ಏನು ಗತಿ ಅಂತ ಯಾರಿಗೂ ಹೊಳೆಯುವುದಿಲ್ಲ. ಪ್ಯಾರಿಸ್‌ನ ‘ಪಾಂ ನಫ್’ ಅಂದರೆ ಹೊಸ ಸೇತುವೆ. ಕಟ್ಟಿ ಮುಗಿಸಿದ್ದು 1607ರಲ್ಲಿ. ಸೀನ್ ನದಿಗೆ ಆ ಊರಲ್ಲಿ ಈಗಿರುವ ಸೇತುವೆಗಳಲ್ಲೆಲ್ಲ ಅದೇ ಹಿರಿಯಜ್ಜ. ಆಕ್ಸ್‌ಫರ್ಡ್‌ನ ‘ನ್ಯೂ ಕಾಲೇಜ್’ ಶುರುವಾದದ್ದು 1379ರಲ್ಲಿ. ಆರು ಶತಮಾನ ದಾಟಿದರೂ ಇನ್ನೂ ಹೊಸ ಮದುಮಗಳ ಹಾಗೆ ನಾಚಿಕೊಂಡು ನಿಂತಿದೆ.

ಆಕಾಶವನ್ನೂ ಬಿಟ್ಟಿಲ್ಲ. 1572ರಲ್ಲಿ ಖಗೋಳಜ್ಞ ಟೈಕೋ ಬ್ರಾಹೆ ಫಳಫಳ ಹೊಳೆಯುವ ನಕ್ಷತ್ರವೊಂದನ್ನು ಕಂಡು ‘ನೋವಾ’ ಎಂದ, ಅಂದರೆ ಹೊಸದು. ಅದೋ, ಹಳೆಯ ನಕ್ಷತ್ರವೊಂದು ಸಿಡಿದು ಸತ್ತ ಬೆಳಕು. ಸಾವಿಗೆ ನಾಮಕರಣ! ಹೋಗಲಿ, ದೂರದರ್ಶಕವೂ ಇಲ್ಲದ ಕಾಲ, ಅವನನ್ನು ಕ್ಷಮಿಸಬಹುದು.

ನನಗೆ ಆ ನೆಪವೂ ಇಲ್ಲ. ತಾರೀಖು ಹಾಕಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅಂತೂ ಮಧ್ಯಾಹ್ನದ ಹೊತ್ತಿಗೆ ಸರಿಯಾದ ಫೈಲ್ ಸಿಕ್ಕಿತು. ಎರಡು ಸಾಲು ತಿದ್ದಿ, ಅವಸರದಲ್ಲಿ ‘ವರದಿ ಫೈನಲ್ ಹೊಸದು 3’ ಅಂತ ಸೇವ್ ಮಾಡಿ ಎದ್ದುಬಂದೆ.