ದುಂಡಗಿದ್ದರೆ ಗರ್ಭ ಅನ್ನಿ

ಮಹಿಳಾ ದಿನ, ಮಾರ್ಚ್ 8, ಹತ್ತಿರ ಬಂತೆಂದರೆ ಗ್ಯಾಲರಿಗಳಿಗೆ ತಾಯಿಯ ನೆನಪಾಗುತ್ತದೆ. ಹನ್ನೊಂದು ತಿಂಗಳು ಕುದುರೆ, ಬೆಟ್ಟ, ಬುದ್ಧ ನೇತಾಡಿದ ಗೋಡೆಗೆ ‘ಸ್ತ್ರೀತ್ವ: ಒಳಗಿನ ಆಕಾಶ’ ಎಂಬ ಬ್ಯಾನರ್ ಏರುತ್ತದೆ. ದೀಪ ಹಚ್ಚಲು ಮೂವರು ಗಂಡಸರು, ಅವರಿಗೆ ಹೂಗುಚ್ಛ ಕೊಡಲು ಒಬ್ಬ ಕಲಾವಿದೆ. ಇಂಥ ಪ್ರದರ್ಶನಕ್ಕೆ ಚಿತ್ರಕ್ಕಿಂತ ಮೊದಲು ಬೇಕಾದದ್ದು ಕ್ಯಾಟಲಾಗಿನ ಟಿಪ್ಪಣಿ. ಬರೆಯುವ ಕ್ರಮ ಬಲು ಸುಲಭ.

ಚಿತ್ರದಲ್ಲಿ ಏನಾದರೂ ದುಂಡಗಿದೆಯೇ? ಗರ್ಭ ಅನ್ನಿ. ಕುಂಬಳಕಾಯಿ, ಚಂದ್ರ, ತಂಬಿಗೆ, ಲಾರಿ ಟೈರು, ಯಾವುದಕ್ಕೂ ವಿನಾಯಿತಿಯಿಲ್ಲ. ಉದ್ದಕ್ಕೆ ಗೆರೆಯಿದ್ದರೆ ಹೊಕ್ಕುಳಬಳ್ಳಿ. ಹೆಂಗಸಿಗೆ ಮುಖವನ್ನೇ ಬರೆದಿಲ್ಲವೋ, ‘ಜಗದ ಎಲ್ಲ ತಾಯಂದಿರ ಮುಖ’. ಚಿತ್ರಕಾರ ಎಂ.ಎಫ್. ಹುಸೇನರ ಮದರ್ ತೆರೇಸಾಗೆ ಮುಖವಿಲ್ಲದಿದ್ದರೆ ಅದಕ್ಕೊಂದು ಅರ್ಥವಿತ್ತು. ಹಸುಗೂಸಾಗಿದ್ದಾಗಲೇ ಹೆತ್ತವಳನ್ನು ಕಳೆದುಕೊಂಡವರು ಹುಸೇನರು. ನಮ್ಮಲ್ಲಿ ಬಹುಪಾಲು ಮುಖ ಮಾಯವಾಗುವುದು, ಮುಕ್ಕಾಲು ತಿರುಗಿದ ಮುಖದಲ್ಲಿ ಆಚೆ ಕಣ್ಣನ್ನು ಮೂಗಿನ ಪಕ್ಕ ಕೂರಿಸಲಾಗದೆ ಒರೆಸಿದ್ದರಿಂದ. ಮಗುವನ್ನು ಎತ್ತಿಕೊಂಡ ಕೈಯ ಕಥೆಯೂ ಅದೇ: ಹತ್ತು ಬೆರಳಲ್ಲಿ ಎಂಟು ಸೆರಗಿನಡಿ. ಸೆರಗನ್ನು ‘ರಕ್ಷಣೆಯ ರೂಪಕ’ ಎಂದುಬಿಟ್ಟರೆ ಇಬ್ಬರ ಮಾನವೂ ಉಳಿಯಿತು.

ಕಲಾವಿದೆ ತನ್ನ ಹೊಟ್ಟೆ ಬರೆದುಕೊಂಡರೆ ‘ತುಂಬು ಬಸುರಿಯ ಧನ್ಯತೆ’ ಎಂದು ಬರೆಯಿರಿ, ಕ್ಯಾಲೆಂಡರ್ ನೋಡಬೇಡಿ. ನೋಡಿದರೆ ಕೆಡುತ್ತದೆ. ಜರ್ಮನಿಯ ಚಿತ್ರಗಾರ್ತಿ ಪೌಲಾ ಮೋಡರ್‌ಜೋನ್-ಬೆಕರ್, ಸೊಂಟದ ಮೇಲೆ ಬಟ್ಟೆಯಿಲ್ಲದೆ, ಉಬ್ಬಿದ ಹೊಟ್ಟೆಗೆ ಕೈಯಿಟ್ಟುಕೊಂಡ ತನ್ನ ಚಿತ್ರವನ್ನು ಪ್ಯಾರಿಸ್‌ನಲ್ಲಿ ಬರೆದ ದಿನ 1906ರ ಮೇ 25. ಹೆರಿಗೆಯಾದದ್ದು 1907ರ ನವೆಂಬರ್ 2. ನಡುವೆ ಹದಿನೇಳು ತಿಂಗಳು: ಆನೆಗೆ ಕಡಿಮೆ, ಹೆಂಗಸಿಗೆ ಹೆಚ್ಚು. ಗಂಡನನ್ನು ತಮ್ಮೂರು ವೋರ್ಪ್ಸ್‌ವೀಡೆಯಲ್ಲೇ ಬಿಟ್ಟು ಬಂದಿದ್ದಳು. ಮೂವತ್ತನೇ ವಯಸ್ಸಿನಲ್ಲಿ, ಮದುವೆಯ ದಿನದ ನೆನಪಿನಂದು ಬರೆದದ್ದೆಂದು ಚಿತ್ರದ ಮೇಲೆಯೇ ನಮೂದಿಸಿ ‘ಪಿ.ಬಿ.’ ಎಂದು ಸಹಿ ಹಾಕಿದಳು. ಗಂಡನಿಂದ ಬಂದ ಮೋಡರ್‌ಜೋನ್ ಹೆಸರಿನ ‘ಎಂ’ ಎಲ್ಲಿ? ಅದನ್ನು ಕೇಳಲು ಚಿತ್ರದ ಹತ್ತಿರ ಹೋಗಬೇಕು. ಹೊಟ್ಟೆಯಾದರೆ ಬಾಗಿಲಿನಿಂದಲೇ ಕಾಣುತ್ತದೆ.

ತಾಯ್ತನವೇ ಖುದ್ದಾಗಿ ಗೋಡೆಗೆ ಬಂದರೆ ಮಾತ್ರ ನಮಗೆ ಆಗಿಬರುವುದಿಲ್ಲ. 1976ರಲ್ಲಿ ಲಂಡನ್ನಿನ ಐಸಿಎ ಎಂಬ ಕಲಾಕೇಂದ್ರದಲ್ಲಿ ಕಲಾವಿದೆ ಮೇರಿ ಕೆಲ್ಲಿ ಮಗನ ಕೊಳೆಯಾದ ಲಂಗೋಟಿಯ ಒಳಪದರಗಳನ್ನು, ಅಂದಂದು ತಿನ್ನಿಸಿದ್ದೇನೆಂಬ ಲೆಕ್ಕದ ಸಮೇತ ಪ್ರದರ್ಶಿಸಿದಳು. ಪತ್ರಿಕೆಗಳು ಮೂಗು ಮುಚ್ಚಿಕೊಂಡವು. ಅದೂ ಕಲೆಯೇ, ಎರಡೂ ಅರ್ಥದಲ್ಲಿ. ಬಂಗಾರದ ಹಾಳೆ ಅಂಟಿಸಿಕೊಂಡ ನಮ್ಮ ಅಮ್ಮಂದಿರಿಗೆ ರಾತ್ರಿ ಎರಡಕ್ಕೆ ಏಳುವ ಕಷ್ಟವಿಲ್ಲ, ಹೊಲಿಗೆ ಹಾಕಿದ ಗಾಯವಿಲ್ಲ, ಕಣ್ಣಡಿ ಕಪ್ಪೂ ಇಲ್ಲ.

ಕೊನೆಗೆ ಕೆಂಪು. ಕೆಂಪೆಂದರೆ ‘ಋತುಸ್ರಾವದ ಪ್ರತಿರೋಧ’. ಅದು ಬಿಡುಗಡೆಯ ಭಾಷಣಕ್ಕೆ. ಬಣ್ಣದ ಟ್ಯೂಬಿನ ಹಿಂದೆ ವರ್ಣದ್ರವ್ಯದ ಸಂಕೇತ ಪಿಆರ್ 83 ಎಂದಿದ್ದರೆ ಅದು ಅಸಲಿ ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು: ತೆಳುವಾಗಿ ತೊಳೆದು ಹಚ್ಚಿದರೂ ಬಿಳಿ ಬೆರೆಸಿದರೂ ಬೆಳಕಿಗೆ ಮಾಸುತ್ತದೆ. ಪಿವಿ 19 ಸಂಕೇತದ ಕ್ವಿನಾಕ್ರಿಡೋನ್ ಬಣ್ಣವಾಗಿದ್ದರೆ ತಡೆಯುತ್ತಿತ್ತು, ಆದರೆ ಟ್ಯೂಬಿನ ಹಿಂದುಗಡೆ ಓದುವವರು ಯಾರು? ಕೊಂಡವರು ಅದನ್ನು ಪಶ್ಚಿಮದ ಕಿಟಕಿಯೆದುರು ತೂಗುಹಾಕಿ, ಕೆಲವು ವರ್ಷದ ಮೇಲೆ ‘ಬಣ್ಣ ಹೋಯಿತು’ ಎಂದು ಫೋನ್ ಮಾಡಿದರೆ ಗಾಬರಿ ಬೇಡ. ಕ್ಯಾನ್ವಾಸ್ ಮುಟ್ಟುವುದೂ ಬೇಡ. ಟಿಪ್ಪಣಿಯಲ್ಲಿ ‘ಋತುಸ್ರಾವ’ ಹೊಡೆದುಹಾಕಿ ‘ಋತುಬಂಧ’ ಎಂದು ತಿದ್ದಿ, ಹೊಸ ಪ್ರಿಂಟ್ ಕಳಿಸಿಕೊಡಿ. ಖರ್ಚು ಒಂದು ಹಾಳೆ.