ಖಾಲಿ ಜಾಗಕ್ಕೆ ಉದ್ಘಾಟನೆ ಮಾಡೋದು ಹೇಗೆ ಸ್ವಾಮಿ?

ನೆರೆಯ ಕಾಟ ತಗ್ಗಬೇಕಾದರೆ ನದಿಗೆ ಅದರ ಬಯಲನ್ನು ವಾಪಸ್ ಕೊಡಿ ಅನ್ನುವ ತಜ್ಞರಿಗೆ ಲೋಕಜ್ಞಾನ ಸ್ವಲ್ಪ ಕಡಿಮೆ. ಟೇಪು ಎಲ್ಲಿ ಕಟ್ಟಬೇಕು ಅಂತ ಅವರು ಯೋಚಿಸಿಯೇ ಇಲ್ಲ. ತಡೆಗೋಡೆಯಾದರೆ ಶಂಕುಸ್ಥಾಪನೆ ಇದೆ, ಕಲ್ಲಿನ ಮೇಲೆ ಹೆಸರು ಇದೆ, ಮುಗಿದ ಮೇಲೆ ಇನ್ನೊಮ್ಮೆ ಹಾರ ಇದೆ. ಒಡ್ಡನ್ನು ಹಿಂದಕ್ಕೆ ಸರಿಸಿ, ನೀರು ಬಂದಾಗ ಹರಡಿಕೊಳ್ಳಲಿ ಅಂತ ಬಯಲು ಬಿಟ್ಟರೆ ಅಲ್ಲಿ ಏನಿರುತ್ತದೆ? ಹುಲ್ಲು. ಹುಲ್ಲಿನ ಮುಂದೆ ನಿಂತು ಎಷ್ಟು ಹೊತ್ತು ಫೋಟೋ ತೆಗೆಸಿಕೊಳ್ಳೋದು?

ಗೋಡೆಯ ಇನ್ನೊಂದು ದೊಡ್ಡ ಗುಣ ಏನು ಗೊತ್ತಾ, ಅದು ತನ್ನ ಮುಂದಿನ ಟೆಂಡರನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಎರಡೂ ದಡಕ್ಕೆ ಒಡ್ಡು ಹಾಕಿದಿರಿ, ಅಗಲಕ್ಕೆ ಹರಡಬೇಕಿದ್ದ ನೀರು ಎತ್ತರಕ್ಕೆ ಏರಿತು. ಬಯಲಿಗೆ ಹೋಗಬೇಕಿದ್ದ ಹೂಳು ನದಿಯ ಹೊಟ್ಟೆಯಲ್ಲೇ ಕೂತಿತು. ನದಿಯ ತಳ ಮೇಲೆದ್ದಿತು, ಒಡ್ಡು ಗಿಡ್ಡವಾಯಿತು. ಈಗ ಎತ್ತರಿಸಬೇಕು! ಅಷ್ಟರಲ್ಲಿ, ಗೋಡೆ ಇದೆಯಲ್ಲ ಭಯವೇನು ಅಂತ ಅದರ ಬೆನ್ನಿಗೇ ಬಡಾವಣೆ ಎದ್ದಿರುತ್ತದೆ. ಹೆಸರು 'ರಿವರ್ ವ್ಯೂ', ಕಿಟಕಿಯಿಂದ ಕಾಣೋದು ಗೋಡೆ. ಮೊದಲು ಅಲ್ಲಿ ಹುಲ್ಲುಗಾವಲು ಮುಳುಗುತ್ತಿತ್ತು, ಇನ್ನೆರಡು ದಿನಕ್ಕೆ ನೀರು ಇಳಿಯುತ್ತಿತ್ತು. ಈಗ ಮುಳುಗೋದಕ್ಕೆ ಕಾರು, ಲಿಫ್ಟು, ಟ್ರಾನ್ಸ್‌ಫಾರ್ಮರ್ ಎಲ್ಲ ಸಾಲಾಗಿ ಸಿದ್ಧವಾಗಿವೆ. ನೆರೆ ದೇವರ ಕೆಲಸ, ನೆರೆಯಿಂದಾಗುವ ನಷ್ಟ ಬಹುಪಾಲು ಮನುಷ್ಯರ ಕೆಲಸ ಅಂತ ಅಮೆರಿಕದ ಭೂಗೋಳ ತಜ್ಞ ಗಿಲ್ಬರ್ಟ್ ವೈಟ್ 1945ರಲ್ಲೇ ಬರೆದಿದ್ದರು. ನಾವು ಮೊದಲರ್ಧ ಓದಿ ಪುಸ್ತಕ ಮುಚ್ಚಿಟ್ಟೆವು.

ಬಿಹಾರದ ಲೆಕ್ಕ ನೋಡಿ. 1954ರ ಹೊತ್ತಿಗೆ ಅಲ್ಲಿದ್ದ ಒಡ್ಡು ಸುಮಾರು 160 ಕಿ.ಮೀ., ನೆರೆಗೆ ಸಿಗುತ್ತಿದ್ದ ನೆಲ ಸುಮಾರು 25 ಲಕ್ಷ ಹೆಕ್ಟೇರ್. ಮುಂದೆ ಒಡ್ಡು 3,000 ಕಿ.ಮೀ. ದಾಟಿತು, ನೆರೆಗೆ ಸಿಗುವ ನೆಲವೂ 68 ಲಕ್ಷ ಹೆಕ್ಟೇರ್ ದಾಟಿತು. 2008ರಲ್ಲಿ ಕೋಸಿ ನದಿ ಒಡ್ಡು ಒಡೆದುಕೊಂಡು ಹೊರಟಾಗ, ಆ ಒಡ್ಡು ತಡೆಯಬೇಕಿದ್ದ ನೀರಿನ ಕಾಲುಭಾಗವೂ ನದಿಯಲ್ಲಿರಲಿಲ್ಲ. ಕಾಯಿಲೆ ಜಾಸ್ತಿಯಾಯಿತಾ, ಹಾಗಾದರೆ ಅದೇ ಮಾತ್ರೆ ಎರಡೆರಡು ನುಂಗಿ. ಇದು ನಮ್ಮ ಚಿಕಿತ್ಸೆ.

ಹಾಗಂತ ಈ ಚಾಳಿ ನಮ್ಮೊಬ್ಬರದ್ದೇ ಅಲ್ಲ. ಜರ್ಮನಿಯ ಎಂಜಿನಿಯರ್ ಟುಲ್ಲಾ ರೈನ್ ನದಿಯ ಡೊಂಕು ತಿದ್ದುವ ಕೆಲಸ ಶುರು ಮಾಡಿದ್ದು 1817ರಲ್ಲಿ. ಆ ಕೆಲಸ ಮುಗಿಯುವಷ್ಟರಲ್ಲಿ ನದಿ 81 ಕಿ.ಮೀ. ಗಿಡ್ಡವಾಗಿತ್ತು. ಹೊಲ ಸಿಕ್ಕಿತು, ಜೌಗು ಒಣಗಿತು, ಇಲ್ಲ ಅನ್ನಲ್ಲ. ಜೊತೆಗೆ ನೆರೆ ಕೆಳಗಿನ ಊರುಗಳಿಗೆ ಮೊದಲಿಗಿಂತ ಬೇಗ ತಲುಪತೊಡಗಿತು. ಈಗ ಅದೇ ನದಿಯ ಪಕ್ಕದಲ್ಲಿ ನೀರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾರೆ.

ಗೋಡೆ ಕಟ್ಟೋದರಲ್ಲಿ ಡಾಕ್ಟರೇಟ್ ಮಾಡಿದ ದೇಶ ನೆದರ್ಲೆಂಡ್ಸ್. 1995ರಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಅವರು ಮಾಡಿದ್ದು ನೋಡಿ, ಮರ್ಯಾದಸ್ಥರು ಮಾಡುವ ಕೆಲಸವಾ ಅದು? ಮೂವತ್ತಕ್ಕೂ ಹೆಚ್ಚು ಕಡೆ ನದಿಗೆ ಜಾಗ ಬಿಟ್ಟರು. ನೈಮೇಗನ್ ನಗರದ ಎದುರು ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ, ಅಡ್ಡ ಬಂದ ಮನೆಗಳನ್ನು ಪರಿಹಾರ ಕೊಟ್ಟು ಕೆಡವಿ, ನದಿಗೆ ಇನ್ನೊಂದು ಕಾಲುವೆ ತೋಡಿಕೊಟ್ಟರು. ಜರ್ಮನಿಯ ಲೆನ್ಜೆನ್ ಬಳಿ ಎಲ್ಬ್ ನದಿಗೆ 420 ಹೆಕ್ಟೇರ್ ಬಯಲು ವಾಪಸ್ ಹೋಯಿತು. ಅಲ್ಲಿ ನದಿಯಿಂದ ದೂರಕ್ಕೆ ಹೊಸ ಒಡ್ಡು ಹಾಕಿ, ಹಳೇ ಒಡ್ಡನ್ನು ಆರು ಕಡೆ ಕಡಿದರು. ಕಟ್ಟಿ ನಿಲ್ಲಿಸಿದ್ದ ಒಡ್ಡು ಕಣ್ರೀ! ಇದನ್ನು ಫೈಲಿನಲ್ಲಿ ಹೇಗೆ ಬರೆಯೋದು? 'ಸರ್ಕಾರಿ ಆಸ್ತಿಯನ್ನು ಆರು ಕಡೆ ತುಂಡರಿಸಲಾಗಿದ್ದು, ಕೆಲಸ ತೃಪ್ತಿಕರವಾಗಿದೆ' ಅಂತಲಾ? ಆಡಿಟ್‌ನವರು ಬಿಡ್ತಾರಾ? 2013ರ ನೆರೆಯಲ್ಲಿ ಆ ಜಾಗದ ಆಸುಪಾಸಿನಲ್ಲಿ ನೀರಿನ ಮಟ್ಟ ಹೆಚ್ಚುಕಮ್ಮಿ ಅರ್ಧ ಮೀಟರ್‌ವರೆಗೆ ಕಡಿಮೆಯಾಗಿತ್ತು ಅನ್ನೋದು ಬೇರೆ ಮಾತು.

ಕ್ಯಾಲಿಫೋರ್ನಿಯಾದ ಕಾಸಮ್ನೆಸ್ ನದಿಯದ್ದಂತೂ ಇನ್ನೂ ಅವಮಾನದ ಕಥೆ. 1985ರಲ್ಲಿ ಒಡ್ಡು ತಾನಾಗಿಯೇ ಒಡೆದು ಹೊಲದ ಮೇಲೆ ಮರಳು ಹೂಳು ಹರಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಡು ಎದ್ದಿತು. ಗುಂಡಿ ತೋಡಿದವರಿಲ್ಲ, ಸಸಿ ನೆಟ್ಟವರಿಲ್ಲ, ಬಿಲ್ಲೂ ಇಲ್ಲ. ಇದನ್ನು ನೋಡಿದವರು ಆಮೇಲೆ ಬೇಕೆಂದೇ ಒಡ್ಡು ಒಡೆಯೋದಕ್ಕೆ ಶುರು ಮಾಡಿದರು. ಅದೇ ರಾಜ್ಯದಲ್ಲಿ ನೆರೆ ನೀರಿಗೆಂದೇ ಬಿಟ್ಟ ಯೋಲೋ ಬೈಪಾಸ್ ಅನ್ನುವ ಬಯಲಿನಲ್ಲಿ ಬೇಸಿಗೆಗೆ ಭತ್ತ ಬೆಳೆಯುತ್ತಾರೆ, ನೆರೆ ಬಂದಾಗ ಸಾಲ್ಮನ್ ಮೀನಿನ ಮರಿಗಳು ನದಿಗಿಂತ ಅಲ್ಲೇ ಚೆನ್ನಾಗಿ ಕೊಬ್ಬುತ್ತವೆ. ನಮ್ಮ ದಾಖಲೆಯ ಪ್ರಕಾರ ಇಂಥದ್ದಕ್ಕೆ 'ಖಾಲಿ ಜಾಗ' ಅಂತ ಹೆಸರು.

ಒಂದು ನಿಜವಾದ ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. ಬಯಲಿನಲ್ಲಿ ಮರ ದಟ್ಟವಾದರೆ ನೀರು ನಿಧಾನವಾಗುತ್ತದೆ, ನಿಧಾನವಾದರೆ ಆ ಜಾಗದಲ್ಲಿ ಮಟ್ಟ ಏರುತ್ತದೆ. ಡಚ್ಚರು ಹರಿವಿಗೆ ಅಡ್ಡವಾದ ಗಿಡಗಂಟಿ ಕೆಲವು ಕಡೆ ಕಡಿಯಲೂಬೇಕಾಯಿತು. ಎಲ್ಲಿ ಕಾಡು, ಎಲ್ಲಿ ಹುಲ್ಲು ಅಂತ ಕಾಡಿನವರೂ ನೀರಿನವರೂ ಒಟ್ಟಿಗೆ ಕೂತು ನಕ್ಷೆ ಬರೆಯಬೇಕು. ಒಟ್ಟಿಗೆ ಕೂರೋದಾ? ಒಂದು ಇಲಾಖೆ ಜೂನ್‌ನಲ್ಲಿ ಸಸಿ ನೆಡುತ್ತದೆ, ಇನ್ನೊಂದು ಇಲಾಖೆ ಅದನ್ನೇ 'ಹರಿವಿಗೆ ಅಡಚಣೆ' ಅಂತ ಮೇನಲ್ಲಿ ಕಿತ್ತು ಹಾಕುತ್ತದೆ, ಎರಡೂ ಇಲಾಖೆಯವರು ನೂರಕ್ಕೆ ನೂರು ಗುರಿ ಸಾಧನೆ ಅಂತ ವರದಿ ಕಳಿಸುತ್ತಾರೆ. ಇಬ್ಬರೂ ಒಪ್ಪುವ ಯೋಜನೆ ಒಂದೇ: ದಡಕ್ಕೆ ಕಾಂಕ್ರೀಟು, ಅದರ ಮೇಲೆ ಟೈಲ್ಸು, ಬಣ್ಣದ ದೀಪ. ಇದಕ್ಕೆ 'ನದಿ ಪುನಶ್ಚೇತನ' ಅಂತ ಬೋರ್ಡು.

ಕೊನೆಗೆ ಜಾಗ ಯಾರು ಬಿಡಬೇಕು ಅಂತ ಸಭೆ ಕರೆದರು ಅಂತಿಟ್ಟುಕೊಳ್ಳಿ. ಯೋಜನೆ ಬಹಳ ಒಳ್ಳೆಯದು, ಎಲ್ಲರೂ ಒಪ್ಪುತ್ತಾರೆ. ಕೆಳಗಿನ ಊರಿನವರು ಮೇಲಿನವರು ಬಿಡಲಿ ಅನ್ನುತ್ತಾರೆ, ಮೇಲಿನವರು ನಮಗ್ಯಾಕೆ ಮುಳುಗಿದರೆ ಕೆಳಗಿನವರು ತಾನೇ ಅನ್ನುತ್ತಾರೆ, ಎಡದಂಡೆಯವರು ಬಲದಂಡೆಯ ಕಡೆ ಕೈ ತೋರಿಸುತ್ತಾರೆ. ಪರಿಹಾರ ಎಷ್ಟು, ನೀರು ಬಾರದ ವರ್ಷ ದನ ಮೇಯಿಸಬಹುದಾ ಅಂತ ನಿಜವಾಗಿ ಕೇಳಬೇಕಾದ್ದನ್ನು ಕೇಳುವ ರೈತನಿಗೆ ಮಾತ್ರ ಮೈಕು ಸಿಗಲ್ಲ. ಒಮ್ಮತ ಬರುವವರೆಗೆ ಇರೋ ಗೋಡೆಯನ್ನೇ ಇನ್ನೊಂದು ಮೀಟರ್ ಎತ್ತರಿಸೋಣ ಅಂತ ಠರಾವು ಸರ್ವಾನುಮತದಿಂದ ಪಾಸಾಗುತ್ತದೆ.